ಪದಬಂಧಕ್ಕೆ ಶಿಸ್ತು ಕಲಿಸಿದ ಮಾರ್ಗರೆಟ್ ಫ್ಯಾರರ್

1942ರ ಫೆಬ್ರವರಿ 15, ಭಾನುವಾರ. ಅಂದು ಸಿಂಗಪುರದಲ್ಲಿ ಬ್ರಿಟಿಷ್ ಸೇನೆ ಜಪಾನೀಯರಿಗೆ ಶರಣಾಯಿತು. ಅದೇ ದಿನ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಭಾನುವಾರದ ಮ್ಯಾಗಜಿನ್ ತೆರೆದ ಓದುಗರಿಗೆ ಅನಿರೀಕ್ಷಿತವಾದೊಂದು ವಸ್ತು ಕಾಣಿಸಿತು. ಕಪ್ಪು ಬಿಳುಪು ಚೌಕಗಳ ಪದಬಂಧ! ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಈ ಆಟವನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಪತ್ರಿಕೆಯದು.

ಆ ಮೊದಲ ಪದಬಂಧದ ಒಂದು ಸುಳಿವು ಒಕ್ಕಣ್ಣಿನ ಪ್ರಸಿದ್ಧ ಸೇನಾಪತಿಯ ಹೆಸರನ್ನು ಕೇಳುತ್ತಿತ್ತು. ಉತ್ತರ ವೇವೆಲ್. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಈಪ್ರ್ ಕದನದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಆರ್ಚಿಬಾಲ್ಡ್ ವೇವೆಲ್ ಅಂದು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದರು. ಶರಣಾದ ಸಿಂಗಪುರ ಅವರ ಅಧೀನದಲ್ಲೇ ಇತ್ತು. ಮರುವರ್ಷ ಅವರು ವೈಸರಾಯ್ ಆಗಿ ದೆಹಲಿಗೆ ಬಂದರು. ಪದಬಂಧ ಮುಂಚಿತವಾಗಿ ಅಚ್ಚಿಗೆ ಹೋಗುವಂಥದ್ದು. ಆದ್ದರಿಂದ ಸುದ್ದಿಯೂ ಸುಳಿವೂ ಒಂದೇ ದಿನ ಕೂಡಿದ್ದು ಕೇವಲ ಆಕಸ್ಮಿಕ. ಆದರೆ ಆರು ಚೌಕಗಳನ್ನು ತುಂಬಲು ಹೊರಟ ಓದುಗನು ಯುದ್ಧರಂಗದ ಒಂದು ಹೆಸರನ್ನು ಅರಿತು ಮೇಲೆದ್ದದ್ದು ಆಕಸ್ಮಿಕವಲ್ಲ. ಆಟದ ಮೂಲಕ ಓದುಗನು ಏನನ್ನಾದರೂ ಕಲಿಯಬೇಕೆಂಬ ಉದ್ದೇಶದಿಂದಲೇ ಆ ಪುಟವನ್ನು ಸಂಪಾದಿಸಲಾಗಿತ್ತು. ಸಂಪಾದಕಿಯ ಹೆಸರು ಮಾರ್ಗರೆಟ್ ಪೆದರ್‌ಬ್ರಿಜ್ ಫ್ಯಾರರ್.

ಪದಬಂಧವನ್ನು ಕಂಡುಹಿಡಿದವರು ಇವರಲ್ಲ. ಆದರೆ ಇಂದು ಇಂಗ್ಲಿಷ್ ಪದಬಂಧಕ್ಕಿರುವ ರೂಪ, ಅದರ ಅಂದ, ಅದರ ನ್ಯಾಯ ಇವೆಲ್ಲವೂ ಬಹುಮಟ್ಟಿಗೆ ಇವರ ಕೊಡುಗೆ. ಸ್ವತಃ ಒಂದು ಪದಬಂಧವನ್ನು ಬಿಡಿಸಲು ಕುಳಿತು ಸೋತ ದಿನದಿಂದ ಅವರ ಈ ಸಾಧನೆ ಆರಂಭವಾಯಿತು ಎಂಬುದು ವಿಶೇಷ.

ಯಾರಿಗೂ ಬೇಡವಾಗಿದ್ದ ಕೂಸು

ಕಥೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತರು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ವಿನೋದ ಪುರವಣಿಯನ್ನು ನೋಡಿಕೊಳ್ಳುತ್ತಿದ್ದರು. 1913ರ ಡಿಸೆಂಬರ್ 21ರ ಸಂಚಿಕೆಗೆ ಹೊಸದೇನನ್ನಾದರೂ ಕೊಡಬೇಕಾಗಿತ್ತು. ವಜ್ರಾಕೃತಿಯಲ್ಲಿ ಚೌಕಗಳನ್ನು ಜೋಡಿಸಿ, ಅಡ್ಡಕ್ಕೂ ಉದ್ದಕ್ಕೂ ಪದಗಳು ಹೊಂದುವಂತೆ ಮಾಡಿ, 'ವರ್ಡ್-ಕ್ರಾಸ್' ಎಂದು ಹೆಸರಿಟ್ಟರು. ಕೆಲವೇ ವಾರಗಳಲ್ಲಿ ಆ ಹೆಸರು ತಿರುವುಮುರುವಾಗಿ 'ಕ್ರಾಸ್-ವರ್ಡ್' ಆಯಿತು. ಹಾಗೆಯೇ ನಿಂತಿತು.

ಆ ಮೊದಲ ಪದಬಂಧದಲ್ಲಿ ಒಂದೇ ಪದ ಎರಡು ಕಡೆ ಉತ್ತರವಾಗಿತ್ತು. ಒಂದೆಡೆ ಹಕ್ಕಿ ಎಂದೂ ಮತ್ತೊಂದೆಡೆ ಪಾರಿವಾಳ ಎಂದೂ ಸುಳಿವಿತ್ತು. ಪೂರ್ವದೇಶಗಳ ಒಂದು ಬಗೆಯ ತಾಳೆಮರದ ನಾರಿಗೆ ಏನೆನ್ನುತ್ತಾರೆಂಬ ಪ್ರಶ್ನೆಯೂ ಅದರಲ್ಲಿತ್ತು. ದಪ್ಪ ನಿಘಂಟನ್ನು ತೆರೆಯದೆ ಸಾಮಾನ್ಯ ಓದುಗ ಅದನ್ನು ಬಿಡಿಸುವಂತಿರಲಿಲ್ಲ. ಆದರೂ ಜನರಿಗೆ ಆಟ ಹಿಡಿಸಿತು. 1914ರ ಆರಂಭದಿಂದಲೇ ಓದುಗರು ತಾವೇ ಪದಬಂಧಗಳನ್ನು ರಚಿಸಿ ಕಳುಹಿಸತೊಡಗಿದರು. ಕಚೇರಿಯಲ್ಲಿ ಲಕೋಟೆಗಳ ರಾಶಿ ಬೆಳೆಯಿತು. ಮೊಳೆ ಜೋಡಿಸುವವರಿಗಂತೂ ಅದು ತಲೆನೋವು. ನಿಲ್ಲಿಸಲು ಹೋದರೆ ಓದುಗರ ಪ್ರತಿಭಟನೆ, ಮುಂದುವರಿಸಿದರೆ ತಪ್ಪುಗಳ ಸರಮಾಲೆ. ಹೀಗೆ ಪತ್ರಿಕೆಯೊಳಗೆ ಯಾರಿಗೂ ಬೇಡವಾದ ಕೂಸಾಗಿ ಪದಬಂಧ ಏಳೆಂಟು ವರ್ಷ ಬೆಳೆಯಿತು.

1921ರಲ್ಲಿ ಆ ಕೂಸು ಮಾರ್ಗರೆಟ್ ಅವರ ಮಡಿಲಿಗೆ ಬಿತ್ತು. 1897ರ ಮಾರ್ಚ್ 23ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದ ಅವರು ಸ್ಮಿತ್ ಕಾಲೇಜಿನಲ್ಲಿ ಓದಿ 1919ರಲ್ಲಿ ಪದವಿ ಪಡೆದಿದ್ದರು. ಪತ್ರಿಕಾರಂಗದ ಕನಸು ಹೊತ್ತು 'ವರ್ಲ್ಡ್' ಕಚೇರಿಗೆ ಬಂದಾಗ ಸಿಕ್ಕಿದ್ದು ಭಾನುವಾರದ ಸಂಪಾದಕ ಜಾನ್ ಒ'ಹಾರ ಕಾಸ್‌ಗ್ರೇವ್ ಅವರ ಕಾರ್ಯದರ್ಶಿ ಹುದ್ದೆ. ಅದರ ಜೊತೆಗೆ ಬಂದ ಹೆಚ್ಚುವರಿ ಕೆಲಸ, ಓದುಗರು ಕಳುಹಿಸಿದ ಪದಬಂಧಗಳಲ್ಲಿ ಒಂದನ್ನು ಆರಿಸಿ ಅಚ್ಚಿಗೆ ಕೊಡುವುದು.

ಅವರಿಗೆ ಈ ಆಟದಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಒಂದನ್ನೂ ಬಿಡಿಸಿ ನೋಡಿರಲಿಲ್ಲ. ನೋಡಲು ಚೆಂದವಾಗಿ ಕಂಡದ್ದನ್ನು ಆರಿಸುವುದು, ಕೆಳಗೆ ಅಚ್ಚುಮನೆಗೆ ಕಳುಹಿಸುವುದು, ಮರೆತುಬಿಡುವುದು. ಇಷ್ಟೇ ನಡೆದಿತ್ತು. ಪರಿಣಾಮವಾಗಿ ಸುಳಿವಿದ್ದರೆ ಚೌಕವಿಲ್ಲ, ಚೌಕವಿದ್ದರೆ ಸುಳಿವಿಲ್ಲ ಎಂಬ ಸ್ಥಿತಿ. ಸಂಖ್ಯೆಗಳು ಅದಲು ಬದಲು. ಓದುಗರ ದೂರುಗಳು ಬರುತ್ತಲೇ ಇದ್ದವು. ಅವು ಕಸದ ಬುಟ್ಟಿ ಸೇರುತ್ತಲೇ ಇದ್ದವು.

ನಿಘಂಟಿನ ಮೇಲೆ ಪ್ರಮಾಣ

1922ರಲ್ಲಿ ಖ್ಯಾತ ಅಂಕಣಕಾರ ಫ್ರಾಂಕ್ಲಿನ್ ಪಿ. ಆಡಮ್ಸ್ 'ವರ್ಲ್ಡ್' ಸೇರಿದರು. ಅವರಿಗೆ ಪದಬಂಧದ ಹುಚ್ಚು. ಭಾನುವಾರದ ಪುಟದಲ್ಲಿದ್ದ ತಪ್ಪುಗಳನ್ನು ಪಟ್ಟಿ ಮಾಡಿಕೊಂಡು ಬಂದು ಈ ಯುವತಿಯ ಮೇಜಿನ ಮುಂದೆ ನಿಂತು ಕಟುವಾಗಿ ಟೀಕಿಸುವುದು ಅವರ ಪರಿಪಾಠವಾಯಿತು. ಬೇಸತ್ತ ಮಾರ್ಗರೆಟ್, ಈ ಮನುಷ್ಯ ಹೇಳುವುದರಲ್ಲಿ ನಿಜವೆಷ್ಟಿದೆ ನೋಡಿಯೇ ಬಿಡೋಣ ಎಂದು ತಾವೇ ಪ್ರಕಟಿಸಿದ ಒಂದು ಪದಬಂಧವನ್ನು ಬಿಡಿಸಲು ಕುಳಿತರು.

ಬಿಡಿಸಲಾಗಲಿಲ್ಲ. ಬುದ್ಧಿಯ ಕೊರತೆಯಿಂದಲ್ಲ, ಬಿಡಿಸಲಾಗದಂತೆ ಅದು ಅಚ್ಚಾಗಿತ್ತು. ಸುಳಿವನ್ನು ನಂಬಿ ಪೆನ್ಸಿಲ್ ಹಿಡಿದ ಓದುಗನಿಗೆ ಪ್ರತಿ ವಾರ ಎಂಥ ದ್ರೋಹವಾಗುತ್ತಿದೆ ಎಂಬುದು ಆಗ ಅವರ ಅರಿವಿಗೆ ಬಂತು. ತಪ್ಪನ್ನು ಯಾರ ಮೇಲೂ ಹೊರಿಸುವಂತಿರಲಿಲ್ಲ. ಆರಿಸಿದ್ದು ತಾವೇ, ಓದದೆ ಕಳುಹಿಸಿದ್ದೂ ತಾವೇ. ಎಡಗೈಯನ್ನು ನಿಘಂಟಿನ ಮೇಲಿಟ್ಟು ಬಲಗೈ ಮೇಲೆತ್ತಿ, ಇನ್ನು ಮುಂದೆ ಪದಬಂಧವನ್ನು ಪರಿಪೂರ್ಣಗೊಳಿಸುವುದೇ ತಮ್ಮ ಕೆಲಸವೆಂದು ಪ್ರಮಾಣ ಮಾಡಿದ್ದಾಗಿ ಅವರು ಮುಂದೆ ನೆನಪಿಸಿಕೊಳ್ಳುತ್ತಿದ್ದರು.

ಅಂದಿನಿಂದ ಪದಬಂಧದ ಹಣೆಬರಹ ಬದಲಾಯಿತು. ಕರಡಚ್ಚು ಬಂದ ಮೇಲೆ ಓದುಗನಂತೆಯೇ ಕುಳಿತು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ನೋಡುವುದು ಕಡ್ಡಾಯವಾಯಿತು. ಒಂದೊಂದೇ ನಿಯಮ ರೂಪುಗೊಂಡಿತು. ಚೌಕಗಳ ವಿನ್ಯಾಸ ತಲೆಕೆಳಗು ಮಾಡಿದರೂ ಒಂದೇ ತೆರನಾಗಿ ಕಾಣಬೇಕು. ಪ್ರತಿ ಅಕ್ಷರವೂ ಅಡ್ಡ ಪದಕ್ಕೂ ಉದ್ದ ಪದಕ್ಕೂ ಸೇರಿರಬೇಕು. ಎರಡಕ್ಷರದ ಪದಗಳು ಬೇಡ. ಕಪ್ಪು ಚೌಕಗಳು ಒಟ್ಟು ಚೌಕಗಳ ಆರನೆಯ ಒಂದು ಭಾಗವನ್ನು ಮೀರಬಾರದು. ಯಾರಿಗೂ ಗೊತ್ತಿಲ್ಲದ ಪದಗಳನ್ನು ಆದಷ್ಟು ದೂರವಿಡಬೇಕು.

ಮೇಲ್ನೋಟಕ್ಕೆ ಇವು ಶುಷ್ಕ ನಿಯಮಗಳು. ಆದರೆ ಪ್ರತಿಯೊಂದರ ಹಿಂದೆ ಓದುಗನ ಪರವಾದ ನ್ಯಾಯವಿದೆ. ಪ್ರತಿ ಅಕ್ಷರ ಎರಡು ಪದಗಳಿಗೆ ಸೇರಿದ್ದರೆ ಒಂದು ಸುಳಿವು ತಿಳಿಯದಿದ್ದರೂ ಅದನ್ನು ದಾಟಿ ಹೋಗುವ ಪದಗಳ ನೆರವಿನಿಂದ ಉತ್ತರ ತಲುಪಬಹುದು. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳೇ ಕೈಹಿಡಿದು ತೋರಿಸುತ್ತವೆ. ಪದಬಂಧದಿಂದ ಕಲಿಯುವುದು ಸಾಧ್ಯವಾಗುವುದೇ ಈ ಕಾರಣದಿಂದ. ನಿಘಂಟಿನಲ್ಲಿ ಓದಿದ ಪದ ಮರೆತುಹೋಗಬಹುದು. ಹೆಣಗಾಡಿ ಒಂದೊಂದೇ ಅಕ್ಷರವಾಗಿ ಗೆದ್ದುಕೊಂಡ ಪದ ಮನಸ್ಸಿನಲ್ಲಿ ನಿಲ್ಲುತ್ತದೆ.

ಪೆನ್ಸಿಲ್ ಕಟ್ಟಿದ ಪುಸ್ತಕ

1924ರ ಆರಂಭದಲ್ಲಿ ರಿಚರ್ಡ್ ಸೈಮನ್ ಮತ್ತು ಮ್ಯಾಕ್ಸ್ ಶುಸ್ಟರ್ ಎಂಬ ಇಬ್ಬರು ತರುಣರು ಪ್ರಕಾಶನ ಸಂಸ್ಥೆಯೊಂದನ್ನು ತೆರೆದರು. ಪ್ರಕಟಿಸಲು ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಪದಬಂಧಗಳ ಪುಸ್ತಕವೊಂದು ಸಿಗುವುದೇ ಎಂದು ಸೈಮನ್ ಅವರ ಸೋದರತ್ತೆ ವಿಚಾರಿಸಿದರು. ಅಂಥ ಪುಸ್ತಕ ಜಗತ್ತಿನಲ್ಲೇ ಇರಲಿಲ್ಲ. ಇಬ್ಬರೂ 'ವರ್ಲ್ಡ್' ಕಚೇರಿಯ ಬಾಗಿಲು ತಟ್ಟಿದರು. ಮಾರ್ಗರೆಟ್ ಅವರೂ ಸಹೋದ್ಯೋಗಿಗಳಾದ ಪ್ರಾಸ್ಪರ್ ಬುರಾನೆಲ್ಲಿ ಹಾಗೂ ಗ್ರೆಗರಿ ಹಾರ್ಟ್ಸ್‌ವಿಕ್ ಅವರೂ ಸಂಪಾದಿಸಲು ಒಪ್ಪಿದರು. ತಲಾ 25 ಡಾಲರ್ ಮುಂಗಡ ದೊರೆಯಿತು.

ಪುಸ್ತಕ ಸೋತರೆ ಸಂಸ್ಥೆಯ ಹೆಸರಿಗೆ ಕಳಂಕ ತಟ್ಟೀತೆಂಬ ಅಂಜಿಕೆಯಿಂದ ಪ್ರಕಾಶಕರು 'ಪ್ಲಾಜಾ' ಎಂಬ ಬೇರೆ ಹೆಸರಿನಲ್ಲಿ ಅದನ್ನು ಹೊರತಂದರು. 1924ರ ಏಪ್ರಿಲ್‌ನಲ್ಲಿ 3,600 ಪ್ರತಿಗಳ ಮೊದಲ ಮುದ್ರಣ. ಪ್ರತಿಯೊಂದಕ್ಕೂ ಒಂದು ಪೆನ್ಸಿಲ್ ಕಟ್ಟಲಾಗಿತ್ತು. ಬೆಲೆ 1 ಡಾಲರ್ 35 ಸೆಂಟ್. ಪ್ರತಿಗಳು ನೋಡನೋಡುತ್ತಲೇ ಖಾಲಿಯಾದವು. ವರ್ಷ ಮುಗಿಯುವಷ್ಟರಲ್ಲಿ ಈ ಪುಸ್ತಕ ಮತ್ತು ಅದರ ಮುಂದಿನ ಭಾಗಗಳು ಲಕ್ಷಗಟ್ಟಲೆ ಮಾರಾಟವಾದವು. ಇಂದು ಜಗತ್ತಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲೊಂದಾದ 'ಸೈಮನ್ ಅಂಡ್ ಶುಸ್ಟರ್'ನ ಅಡಿಗಲ್ಲು ಈ ಪದಬಂಧ ಪುಸ್ತಕವೇ.

ಅಮೆರಿಕಕ್ಕೆ ಪದಬಂಧದ ಜ್ವರ ಏರಿತು. ಬಾಲ್ಟಿಮೋರ್–ಓಹಿಯೋ ರೈಲು ಕಂಪೆನಿ ಪ್ರಯಾಣಿಕರ ಅನುಕೂಲಕ್ಕಾಗಿ ರೈಲುಗಳಲ್ಲಿ ನಿಘಂಟುಗಳನ್ನಿರಿಸಿತು. ಗ್ರಂಥಾಲಯಗಳಲ್ಲಿ ನಿಘಂಟು, ವಿಶ್ವಕೋಶಗಳಿಗೆ ಮುತ್ತಿಗೆ. ನಿಜವಾದ ಅಧ್ಯಯನಕ್ಕೆ ಬಂದವರಿಗೆ ಪುಸ್ತಕ ಸಿಗುತ್ತಿಲ್ಲವೆಂದು ಗ್ರಂಥಪಾಲಕರು ದೂರಿದರು. 'ನ್ಯೂಯಾರ್ಕ್ ಟೈಮ್ಸ್' ಇದೇ 1924ರಲ್ಲಿ ಸಂಪಾದಕೀಯವನ್ನೇ ಬರೆದು, ಇದು ಕಾಲದ ಪಾಪಕರವಾದ ಅಪವ್ಯಯ, ಇದರಿಂದ ಬುದ್ಧಿ ಬೆಳೆಯುವುದಿಲ್ಲ ಎಂದು ಕಿಡಿಕಾರಿತು. ಈ ಹುಚ್ಚು ಬಹುಕಾಲ ಬಾಳದು ಎಂಬುದು ಅಂದಿನ ಹಲವರ ನಂಬಿಕೆಯಾಗಿತ್ತು.

ಮನೆಯೇ ಕಚೇರಿ

1926ರಲ್ಲಿ ಮಾರ್ಗರೆಟ್ ಅವರು ಕವಿ, ಸಂಪಾದಕ ಜಾನ್ ಫ್ಯಾರರ್ ಅವರನ್ನು ವಿವಾಹವಾಗಿ 'ವರ್ಲ್ಡ್' ಕಚೇರಿಯನ್ನು ತೊರೆದರು. ಮೂವರು ಮಕ್ಕಳಾದರು. ಪತಿ ಪ್ರಕಾಶನರಂಗದಲ್ಲಿ ಹೆಸರು ಮಾಡಿದರು. 1929ರಲ್ಲಿ ಒಂದು, 1946ರಲ್ಲಿ ಮತ್ತೊಂದು ಪ್ರಕಾಶನ ಸಂಸ್ಥೆಯ ಸ್ಥಾಪಕರಾದರು. ಎರಡನೆಯದು ಮುಂದೆ 'ಫ್ಯಾರರ್, ಸ್ಟ್ರಾಸ್ ಅಂಡ್ ಜಿರೂ' ಎಂದು ಸಾಹಿತ್ಯಲೋಕದಲ್ಲಿ ಪ್ರಖ್ಯಾತವಾಯಿತು. ಮಡದಿಯಾದವರು ಮಕ್ಕಳ ಲಾಲನೆ ಪಾಲನೆಯ ನಡುವೆಯೇ ಪದಬಂಧ ಪುಸ್ತಕಮಾಲೆಯನ್ನು ಒಂದು ಸಂಪುಟವೂ ನಿಲ್ಲದಂತೆ ನಡೆಸಿದರು. 1931ರಲ್ಲಿ 'ವರ್ಲ್ಡ್' ಪತ್ರಿಕೆ ಮುಚ್ಚಿಹೋಯಿತು. ಹುಟ್ಟಿದ ಮನೆ ಬಾಗಿಲು ಹಾಕಿದರೂ ಪದಬಂಧ ಬದುಕಿತ್ತು. ದೇಶದ ಇತರ ಪತ್ರಿಕೆಗಳೆಲ್ಲ ಅದನ್ನು ಅಪ್ಪಿಕೊಂಡಿದ್ದವು, 'ಟೈಮ್ಸ್' ಒಂದರ ಹೊರತು.

ಸ್ವಾರಸ್ಯವೆಂದರೆ, 'ಟೈಮ್ಸ್' ಪ್ರಕಾಶಕ ಆರ್ಥರ್ ಹೇಸ್ ಸುಲ್ಜ್‌ಬರ್ಗರ್ ಅವರಿಗೇ ಪದಬಂಧ ಬಿಡಿಸುವ ಹವ್ಯಾಸವಿತ್ತು. ಅದಕ್ಕಾಗಿ ಪ್ರತಿಸ್ಪರ್ಧಿಯಾದ 'ಹೆರಾಲ್ಡ್ ಟ್ರಿಬ್ಯೂನ್' ಕೊಳ್ಳಬೇಕಾದ ಸ್ಥಿತಿ ಅವರದಾಗಿತ್ತು ಎನ್ನುತ್ತಾರೆ.

ಯುದ್ಧದ ಕತ್ತಲಲ್ಲಿ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅಮೆರಿಕ ಯುದ್ಧಕ್ಕಿಳಿಯಿತು. ಹನ್ನೊಂದೇ ದಿನಗಳ ಬಳಿಕ, ಡಿಸೆಂಬರ್ 18ರಂದು, 'ಟೈಮ್ಸ್'ನ ಭಾನುವಾರದ ಸಂಪಾದಕ ಲೆಸ್ಟರ್ ಮಾರ್ಕೆಲ್ ಅವರು ಪ್ರಕಾಶಕರಿಗೆ ಟಿಪ್ಪಣಿ ಬರೆದರು. ಬೆಳಕು ಆರಿಸಿ ಮನೆಯೊಳಗೆ ಕುಳಿತಿರಬೇಕಾದ ದೀರ್ಘ ಗಳಿಗೆಗಳು ಮುಂದಿವೆ, ಪದಬಂಧ ಆರಂಭಿಸಲು ಇದು ಸಕಾಲ ಎಂಬುದು ಅದರ ಸಾರ. ಮಾರ್ಗರೆಟ್ ಅವರ ಅಭಿಪ್ರಾಯವನ್ನೂ ಅದರ ಜೊತೆ ಲಗತ್ತಿಸಲಾಗಿತ್ತು. ಪದಬಂಧ ಬಿಡಿಸುತ್ತಿರುವಾಗ ಮನುಷ್ಯನಿಗೆ ತನ್ನ ಕಷ್ಟಗಳ ಚಿಂತೆ ಕಾಡದು ಎಂದು ಅವರು ವಾದಿಸಿದ್ದರು.

ಹೀಗೆ 44ರ ವಯಸ್ಸಿನಲ್ಲಿ ಅವರು 'ಟೈಮ್ಸ್' ಪತ್ರಿಕೆಯ ಮೊದಲ ಪದಬಂಧ ಸಂಪಾದಕಿಯಾದರು. 1942ರ ಆ ಮೊದಲ ಪುಟದ ದೊಡ್ಡ ಪದಬಂಧವನ್ನು ರಚಿಸಿದವರು ಚಾರ್ಲ್ಸ್ ಎರ್ಲೆನ್‌ಕಾಟರ್. ಅದರ ಕೆಳಗಿದ್ದ ಚಿಕ್ಕ ಪದಬಂಧಕ್ಕೆ 'ಆನಾ ಗ್ರಾಂ' ಎಂಬ ಹೆಸರಿತ್ತು. ಅಕ್ಷರಗಳನ್ನು ಪಲ್ಲಟಗೊಳಿಸುವ ಆಟಕ್ಕೆ ಇಂಗ್ಲಿಷಿನಲ್ಲಿರುವ ಹೆಸರನ್ನೇ ಒಡೆದು ಕಟ್ಟಿದ ಆ ಗುಪ್ತನಾಮ ಮಾರ್ಗರೆಟ್ ಅವರದೇ.

ಯುದ್ಧಕಾಲದಲ್ಲಿ ಪದಬಂಧ ಬರಿಯ ಕಾಲಹರಣವಾಗಿ ಉಳಿದಿರಲಿಲ್ಲ ಎಂಬುದಕ್ಕೆ ಅಟ್ಲಾಂಟಿಕ್ ಸಾಗರದಾಚೆಯ ಎರಡು ಘಟನೆಗಳನ್ನು ಇಲ್ಲಿ ಸ್ಮರಿಸಬಹುದು. 1942ರ ಜನವರಿಯಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ತನ್ನ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ಏರ್ಪಡಿಸಿತು. ಪಾಲ್ಗೊಂಡವರಲ್ಲಿ ಕೆಲವರಿಗೆ ಬಳಿಕ ಸೇನೆಯಿಂದ ಕರೆ ಬಂತು. ಶತ್ರುಗಳ ಗೂಢಲಿಪಿ ಭೇದಿಸುತ್ತಿದ್ದ ಬ್ಲೆಚ್ಲಿ ಪಾರ್ಕ್‌ನ ಕೆಲಸಕ್ಕೆ ಅವರನ್ನು ಆಯ್ದುಕೊಳ್ಳಲಾಯಿತು. 1944ರ ಮೇ ಮತ್ತು ಜೂನ್ ತಿಂಗಳಲ್ಲಿ ಅದೇ ಪತ್ರಿಕೆಯ ಪದಬಂಧಗಳ ಉತ್ತರಗಳಾಗಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ, ನೆಪ್ಚೂನ್ ಪದಗಳು ಸಾಲಾಗಿ ಕಾಣಿಸಿಕೊಂಡವು. ಅವೆಲ್ಲವೂ ನಾರ್ಮಂಡಿ ದಾಳಿಯ ರಹಸ್ಯ ಸಂಕೇತಗಳು! ರಚನಕಾರರಾದ ಶಾಲಾ ಮುಖ್ಯೋಪಾಧ್ಯಾಯ ಲಿಯೊನಾರ್ಡ್ ಡಾ ಅವರನ್ನು ಬೇಹುಗಾರಿಕಾ ಇಲಾಖೆ ವಿಚಾರಣೆಗೊಳಪಡಿಸಿತು. ಗೂಢಚರ್ಯೆ ಏನೂ ಕಂಡುಬರಲಿಲ್ಲ.

ಸುಳಿವು ಎಂಬ ಪಾಠ

1950ರ ಸೆಪ್ಟೆಂಬರ್ 11ರಿಂದ 'ಟೈಮ್ಸ್'ನಲ್ಲಿ ಪದಬಂಧ ದಿನನಿತ್ಯದ ಅಂಶವಾಯಿತು. ವಾರಕ್ಕೊಮ್ಮೆ ಬರುತ್ತಿದ್ದ ಅತಿಥಿ ಬೆಳಗಿನ ಕಾಫಿಯ ಜೊತೆಗಾರನಾದ. ಮಾರ್ಗರೆಟ್ ಅವರ ಜವಾಬ್ದಾರಿ ಹಲವು ಪಟ್ಟು ಹೆಚ್ಚಿತು.

ಸುಳಿವುಗಳ ಸ್ವರೂಪವನ್ನು ಅವರು ಬದಲಾಯಿಸಿದ ಬಗೆ ಗಮನಾರ್ಹ. ಆರಂಭದ ದಿನಗಳಲ್ಲಿ ಸುಳಿವೆಂದರೆ ನಿಘಂಟಿನ ಅರ್ಥವನ್ನು ಯಥಾವತ್ತಾಗಿ ಕೊಡುವುದಾಗಿತ್ತು. ಪ್ರಾಚೀನ ದೇವತೆ, ಅಪರೂಪದ ಪಕ್ಷಿ, ಬಳಕೆ ತಪ್ಪಿದ ಪದ ಇವುಗಳದ್ದೇ ಮೆರವಣಿಗೆ. ಸುದ್ದಿಪತ್ರಿಕೆಯ ಪದಬಂಧಕ್ಕೆ ಸುದ್ದಿಯ ವಾಸನೆ ಇರಬೇಕೆಂಬುದು 'ಟೈಮ್ಸ್' ನಿಲುವು. ಹೊಸ ನಾಟಕ, ಹೊಸ ಪುಸ್ತಕ, ಭೂಪಟದ ಹೊಸ ಹೆಸರು, ವರ್ತಮಾನದ ವ್ಯಕ್ತಿ ಇವರೆಲ್ಲ ಚೌಕಗಳೊಳಗೆ ಬಂದರು. ಒಂಟಿ ಪದಗಳ ಜೊತೆಗೆ ಮಾತಿನಲ್ಲಿ ಬಳಕೆಯಾಗುವ ಪದಗುಚ್ಛಗಳಿಗೂ ಪ್ರವೇಶ ಸಿಕ್ಕಿತು. ಹೆರಾಲ್ಡ್ ಬರ್ಸ್ ಅವರಂಥ ರಚನಕಾರರು ಇಡೀ ಪದಬಂಧದ ಉದ್ದದ ಉತ್ತರಗಳನ್ನು ಒಂದೇ ವಿಷಯದ ಸೂತ್ರದಲ್ಲಿ ಪೋಣಿಸಿದಾಗ ಅವರು ಪ್ರೋತ್ಸಾಹಿಸಿದರು. 1965ರಲ್ಲಿ ಬರ್ನಿಸ್ ಗಾರ್ಡನ್ ಅವರು ಒಂದೇ ಚೌಕದಲ್ಲಿ ಮೂರು ಅಕ್ಷರಗಳಿಗೆ ಬದಲಾಗಿ ಒಂದು ಚಿಹ್ನೆಯನ್ನು ಬಳಸಿದ ಪದಬಂಧ ಪ್ರಕಟವಾದಾಗ ಓದುಗರಿಂದ ಮೆಚ್ಚುಗೆಯೂ ಬಂತು, ಆಕ್ರೋಶವೂ ಬಂತು.

ಇದರ ಜೊತೆಗೆ ಒಂದು ಕಟ್ಟುನಿಟ್ಟೂ ಇತ್ತು. ರೋಗರುಜಿನ, ಸಾವು, ಅಸಹ್ಯ ತರಿಸುವ ವಿಷಯಗಳು ಭಾನುವಾರದ ಉಪಾಹಾರದ ಮೇಜಿನ ಮೇಲೆ ಬೇಡ ಎಂಬುದು ಅವರ ನಿಲುವು. ಇದನ್ನು ಅತಿ ಮಡಿವಂತಿಕೆ ಎಂದವರುಂಟು. ಬದುಕಿನ ಅರ್ಧವನ್ನು ಹೊರಗಿಟ್ಟು ಕಟ್ಟಿದ ಜಗತ್ತು ನಿಜವಾದ ಜಗತ್ತಲ್ಲ ಎಂಬ ಆಕ್ಷೇಪದಲ್ಲಿ ತಿರುಳಿಲ್ಲವೆನ್ನಲಾಗದು. ಆದರೆ ಆಸ್ಪತ್ರೆಯ ಹಾಸಿಗೆಯಲ್ಲೋ ಮಗ ಯುದ್ಧಕ್ಕೆ ಹೋದ ಮನೆಯಲ್ಲೋ ಪೆನ್ಸಿಲ್ ಹಿಡಿದು ಕುಳಿತ ಓದುಗನಿಗೆ ಅರ್ಧ ಗಂಟೆಯ ಬಿಡುಗಡೆ ಕೊಡುವುದು ಪದಬಂಧದ ಕೆಲಸ ಎಂದು 1941ರಲ್ಲಿ ವಾದಿಸಿದವರು ಇವರೇ. ಆ ನಿಟ್ಟಿನಿಂದ ನೋಡಿದರೆ ಈ ನಿಯಮ ಅರ್ಥವಾಗುತ್ತದೆ.

ಅವರ ಕಾಲದ ದಿನನಿತ್ಯದ ಪದಬಂಧಗಳಲ್ಲಿ ರಚನಕಾರರ ಹೆಸರು ಇರುತ್ತಿರಲಿಲ್ಲ. ಆ ಪದ್ಧತಿ ಬಂದದ್ದು 1993ರಲ್ಲಿ. ಲಕ್ಷಾಂತರ ಜನ ಪ್ರತಿದಿನ ಒಬ್ಬರ ಬುದ್ಧಿಯೊಡನೆ ಸೆಣಸುತ್ತಿದ್ದರು, ಆ ಒಬ್ಬರು ಯಾರೆಂದು ತಿಳಿಯದೆ.

ಕೊನೆಯವರೆಗೂ ಕಾಯಕ

27 ವರ್ಷಗಳ ಸೇವೆಯ ಬಳಿಕ, ಎಪ್ಪತ್ತು ದಾಟಿದ ಮಾರ್ಗರೆಟ್ 1969ರಲ್ಲಿ 'ಟೈಮ್ಸ್'ನಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ವಿಲ್ ವೆಂಗ್ ಬಂದರು. ಹುದ್ದೆಯಿಂದ ನಿವೃತ್ತಿಯಾಯಿತೇ ಹೊರತು ಕೆಲಸದಿಂದಲ್ಲ. 'ಲಾಸ್ ಏಂಜಲೀಸ್ ಟೈಮ್ಸ್' ಸಿಂಡಿಕೇಟ್‌ಗಾಗಿ ಪದಬಂಧಗಳ ಸಂಪಾದನೆ, ಪುಸ್ತಕಮಾಲೆಯ ಹೊಸ ಸಂಪುಟಗಳು ಎಂದಿನಂತೆ ಸಾಗಿದವು. 1974ರಲ್ಲಿ ಪತಿ ನಿಧನರಾದ ಬಳಿಕ ಅವರ ಪ್ರಕಾಶನ ಸಂಸ್ಥೆಯ ನಿರ್ದೇಶಕ ಮಂಡಳಿಯ ಹೊಣೆಯನ್ನೂ ಹೊತ್ತರು.

1984ರ ಜೂನ್ 11ರಂದು ನ್ಯೂಯಾರ್ಕಿನಲ್ಲಿ ಅವರು ಕೊನೆಯುಸಿರೆಳೆದಾಗ ವಯಸ್ಸು 87. ಪೆನ್ಸಿಲ್ ಕಟ್ಟಿದ ಆ ಮೊದಲ ಪುಸ್ತಕಕ್ಕೆ ಅಷ್ಟರಲ್ಲಿ 60 ವರ್ಷ ತುಂಬಿತ್ತು. ಆಗ ಅವರ ಕೈಯಲ್ಲಿದ್ದದ್ದು ಅದೇ ಮಾಲೆಯ 134ನೆಯ ಸಂಪುಟ.

ನಮ್ಮ ಚೌಕ, ನಮ್ಮ ಅಕ್ಷರ

ಕನ್ನಡದ ದಿನಪತ್ರಿಕೆಗಳಲ್ಲೂ ಪದಬಂಧಕ್ಕೆ ನಿಷ್ಠಾವಂತ ಓದುಗರಿದ್ದಾರೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುವ ಕ್ರಮ ಅಲ್ಲಿಂದ ಬಂದದ್ದೇ. ಆದರೆ ಇಂಗ್ಲಿಷಿನ ನಿಯಮಗಳನ್ನು ಹಾಗೆಯೇ ಕನ್ನಡಕ್ಕೆ ತರುವಂತಿಲ್ಲ. ಅಲ್ಲಿ ಒಂದು ಚೌಕಕ್ಕೆ 26 ಅಕ್ಷರಗಳಲ್ಲಿ ಒಂದು. ಇಲ್ಲಿ ಕಾಗುಣಿತವೂ ಒತ್ತಕ್ಷರವೂ ಸೇರಿದ ಇಡೀ ಅಕ್ಷರ ಒಂದೇ ಚೌಕದಲ್ಲಿ ಕೂರಬೇಕು. 'ಕನ್ನಡ' ಎಂದರೆ ಮೂರು ಚೌಕ. ನಡುವಣ 'ನ್ನ' ಚೌಕವನ್ನು ದಾಟಿ ಹೋಗುವ ಪದದಲ್ಲೂ ಅದೇ 'ನ್ನ' ಇರಬೇಕು. 'ಅನ್ನ' ಆದೀತು, 'ಚಿನ್ನ' ಆದೀತು, 'ಬೆನ್ನು' ಆಗದು. ಹೀಗಾಗಿ ಪ್ರತಿ ಅಕ್ಷರವೂ ಎರಡೂ ಕಡೆಯ ಪದಕ್ಕೆ ಸೇರಿರಬೇಕೆಂಬ ಮಾರ್ಗರೆಟ್ ಅವರ ನಿಯಮವನ್ನು ಕನ್ನಡದಲ್ಲಿ ಪಾಲಿಸುವುದು ಬಲು ಕಷ್ಟ. ನಮ್ಮ ಪದಬಂಧ ರಚಿಸುವವರ ಸವಾಲೇ ಬೇರೆ, ಅವರ ಶ್ರಮಕ್ಕೆ ಸಲ್ಲಬೇಕಾದ ಗೌರವವೂ ಹೆಚ್ಚು.

ನಿಯಮಗಳು ಭಾಷೆಯಿಂದ ಭಾಷೆಗೆ ಬದಲಾಗಬಹುದು. ಆದರೆ ಸುಳಿವನ್ನು ನಂಬಿ ಕುಳಿತ ಓದುಗನಿಗೆ ಮೋಸವಾಗಬಾರದು ಎಂಬ ಮಾತು ಎಲ್ಲ ಭಾಷೆಗೂ ಒಂದೇ. 'ವರ್ಲ್ಡ್' ಕಚೇರಿಯ ಆ ತರುಣಿ ತನ್ನದೇ ತಪ್ಪನ್ನು ಒಮ್ಮೆ ಓದುಗನ ಕುರ್ಚಿಯಲ್ಲಿ ಕುಳಿತು ನೋಡದಿದ್ದರೆ, ಪದಬಂಧ 1920ರ ದಶಕದ ಹಲವು ಹುಚ್ಚುಗಳಲ್ಲಿ ಒಂದಾಗಿ ಮರೆಯಾಗುತ್ತಿತ್ತೇನೋ. ನಾಳೆ ಬೆಳಗ್ಗೆ ಪತ್ರಿಕೆ ತೆರೆದು ಪೆನ್ನು ಹಿಡಿಯುವಾಗ, ಉತ್ತರ ಸರಿಯಾಗಿ ಚೌಕದೊಳಗೆ ಕೂತಾಗ, ಅದರ ಹಿಂದೆ ಮೊದಲು ಕುಳಿತು ಬಿಡಿಸಿ ನೋಡಿದವರೊಬ್ಬರು ಇದ್ದಾರೆ ಎಂಬುದು ನೆನಪಿರಲಿ.